ಔಷಧಕ್ಕೆ ಮಾರ್ಕು ಕೊಟ್ಟ ಹುಡುಗಿ

ಸತ್ತವರ ದನಿ ಕೇಳಿತು ಎನ್ನುವವರ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಸೋದರತ್ತೆ ಇಂಥದ್ದೊಂದನ್ನು ಹೇಳಿದಾಗಲೆಲ್ಲ, ಎಷ್ಟು ಗಂಟೆಗೆ, ಬೇರೆ ಯಾರು ಕೇಳಿದರು, ಆಗಲೇ ಬರೆದಿಟ್ಟಿರಾ ಎಂದು ಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ ಎಂಬ ಭಯಕ್ಕೇ ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತಾ ಬಂದಿದ್ದೇನೆ. ಈಗ ಹೇಳಹೊರಟಿರುವುದಕ್ಕೆ ಗಂಟೆಯೂ ಇದೆ, ಬರೆದಿಟ್ಟ ಕಾಗದವೂ ಇದೆ. ಆದರೂ ಅದು ನಡೆಯಿತೆಂದು ಆಣೆ ಮಾಡಿ ಹೇಳಲಾರೆ.

ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಮೆದುಳಿನ ಗಡ್ಡೆಯನ್ನು ಒಮ್ಮೆ ತೆಗೆದ ಮೇಲೂ ಅದು ಮರಳಿ ಬಂದ ಮಕ್ಕಳಿಗೆ ಹೊಸ ಕೀಮೋ ಗುಳಿಗೆಯೊಂದನ್ನು ಕೊಟ್ಟು ನೋಡುವ ಅಧ್ಯಯನ ಅಲ್ಲಿ ನಡೆದಿತ್ತು. ಎಷ್ಟು ಕೊಟ್ಟರೆ ಮಗುವಿನ ಮೈ ತಾಳುತ್ತದೆ ಎಂದು ತಿಳಿಯುವುದು ಅದರ ಮೊದಲ ಉದ್ದೇಶ. ವಾಸಿಯಾಗುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಮನೆಯವರಿಂದ ಒಪ್ಪಿಗೆ ಪಡೆಯುವುದು, ವಾರಕ್ಕೊಮ್ಮೆ ಫೋನು ಮಾಡಿ ವಾಂತಿ, ಜ್ವರ, ತಲೆನೋವು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ನಮ್ಮಜ್ಜ ಕಲಬುರಗಿಯಿಂದ ಬಂದು ಇಲ್ಲಿ ಸರ್ಕಾರಿ ನೌಕರಿ ಮಾಡಿದವರು; ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ನಮ್ಮ ವಿಭಾಗದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುವುದೂ ನನ್ನ ಪಾಲಿಗೇ ಬಂತು. ಅದರಲ್ಲಿ ‘ಪರೀಕ್ಷೆ’ ಎಂಬ ಪದ ಇಟ್ಟವಳು ನಾನು. ‘ಪ್ರಯೋಗ’ ಎಂದರೆ ಮಾಟ ಮಂತ್ರವೆಂದು ಹೆದರಿಯಾರು ಎಂದುಕೊಂಡಿದ್ದೆ.

ರೇಣುಕಾಗೆ ಒಂಬತ್ತು ವರ್ಷ. ಯಾದಗಿರಿ ಕಡೆಯವಳು. ಅಪ್ಪ ಅವ್ವ ಇಬ್ಬರೂ ಹೈದರಾಬಾದಿನ ಕೊಂಡಾಪುರದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದರು, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಆ ವಯಸ್ಸಿನ ಮಗುವಿಗೂ ಓದಿ ಹೇಳಿ ಒಪ್ಪಿಗೆ ಕೇಳಬೇಕೆಂಬ ನಿಯಮವಿತ್ತು. ಓದಿದೆ. ಅವಳು ಎಲ್ಲ ಕೇಳಿಸಿಕೊಂಡು, ಊರ ಶಾಲೆಯಲ್ಲಿ ಟೀಚರನ್ನು ಕರೆಯುತ್ತಿದ್ದ ಹಾಗೆಯೇ ನನ್ನನ್ನು ಕರೆದು ಕೇಳಿದಳು:

“ಅಕ್ಕೋರೆ, ನಾ ಫೇಲಾದ್ರ ಗುಳಗಿ ಬಂದ್ ಮಾಡ್ತೀರೇನ್ರಿ?”

ಪಕ್ಕದಲ್ಲಿ ಕೂತಿದ್ದ ತಾಯಿ ದೇವಮ್ಮ ಮುಖ ಆಚೆ ತಿರುಗಿಸಿಕೊಂಡರು. ಪರೀಕ್ಷೆ ನಿನಗಲ್ಲ, ಗುಳಿಗೆಗೆ ಎಂದೆ. ಹುಡುಗಿ ಸ್ವಲ್ಪ ಯೋಚಿಸಿ, “ಹಂಗಾದ್ರ ಮಾರ್ಕು ನಾ ಹಾಕ್ತೀನಿ,” ಎಂದಳು.

ಪ್ರತಿ ಬುಧವಾರ ಫೋನು ಎತ್ತುತ್ತಿದ್ದವಳೂ ಅವಳೇ. ಮೊದಲ ವಾರ ಗುಳಿಗೆಗೆ ಹತ್ತಕ್ಕೆ ನಾಲ್ಕು: ವಾಂತಿ ಮಾಡಿಸುತ್ತದೆ, ಬಾಯಿ ಕಹಿ. ಆಮೇಲೊಮ್ಮೆ ಆರು. ಯಾರ ಕೈಯೂ ಹಿಡಿಯದೆ ಅಂಗಡಿಯ ತನಕ ಹೋಗಿಬಂದ ವಾರ ಒಂಬತ್ತು. ಹತ್ತು ಯಾಕಿಲ್ಲ ಎಂದರೆ, ಹತ್ತು ಕೊಟ್ಟರೆ ಅದಕ್ಕೆ ಸೊಕ್ಕು ಬರುತ್ತದೆ ಎಂದಳು. ಆಸ್ಪತ್ರೆಯ ಫಾರ್ಮಿನಲ್ಲಿ ಮಾರ್ಕಿಗೆ ಜಾಗವಿರಲಿಲ್ಲ, ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ನಾನು ಕನ್ನಡದಲ್ಲಿ ಮಾತಾಡಿ ನಗುವುದನ್ನು ಕೇಳಿ ಪಕ್ಕದ ಮೇಜಿನ ಶ್ರೀನಿವಾಸ್, ಬುಧವಾರ ಬಂತೆಂದರೆ ನಿಮಗೆ ತವರಿನ ಫೋನು ಎಂದು ತೆಲುಗಿನಲ್ಲಿ ಛೇಡಿಸುತ್ತಿದ್ದರು.

ಮೂರು ತಿಂಗಳಿಗೆ ಮಾಡಿದ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿತ್ತು. ನಿಯಮದಂತೆ ಗುಳಿಗೆ ನಿಲ್ಲಿಸಿದರು. ಹಾಗೆ ನೋಡಿದರೆ ಮೊದಲ ದಿನ ಅವಳು ಕೇಳಿದ್ದೇ ಸರಿ, ನಾನು ಕೊಟ್ಟ ಉತ್ತರವೇ ತಪ್ಪು. ಅವಳ ಮಾತು ತೊದಲತೊಡಗಿತು. ಕೆಲವೇ ದಿನಗಳಲ್ಲಿ ಪೂರ್ತಿ ನಿಂತುಹೋಯಿತು. ಗುಳಿಗೆ ನಿಂತ ಮೇಲೂ ಒಂದಷ್ಟು ವಾರ ಫೋನು ಮಾಡಿ ವಿಚಾರಿಸಬೇಕಿತ್ತು. ಎರಡು ಬುಧವಾರ ದೇವಮ್ಮನವರೇ ಮಾತಾಡಿದರು. ಕಣ್ಣು ಬಿಟ್ಟು ನೋಡುತ್ತಾಳೆ, ಅಷ್ಟೇ ಎಂದರು.

ಮೂರನೆಯ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಕಚೇರಿಯ ಫೋನಿನಿಂದ ಕರೆ ಮಾಡಿದೆ. ಎರಡನೆಯ ರಿಂಗಿಗೆ ರೇಣುಕಾ “ಅಕ್ಕೋರೆ” ಎಂದಳು. ದನಿ ಸ್ವಚ್ಛವಾಗಿತ್ತು. ನನಗೆ ಆಶ್ಚರ್ಯವಾಗಬೇಕಿತ್ತು, ಆಗಲಿಲ್ಲ. ಯಾಕೆ ಆಗಲಿಲ್ಲವೆಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪಟ್ಟಿಯ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಉತ್ತರ ಬರೆದುಕೊಂಡೆ. ವಾಂತಿ ಇಲ್ಲ. ಜ್ವರ ಇಲ್ಲ. ತಲೆನೋವು ಇಲ್ಲ. ಅವ್ವನಿಗೆ ಕೊಡು ಎಂದೆ.

“ಅವ್ವ ಮಕ್ಕೊಂಡಾಳ್ರಿ. ಎಬ್ಬಸಬ್ಯಾಡ್ರಿ.”

ಷರಾದ ಜಾಗದಲ್ಲಿ ‘ತಾಯಿ ನಿದ್ರೆಯಲ್ಲಿದ್ದಾರೆ, ಎಬ್ಬಿಸಬೇಡಿ ಎಂದು ಮಗು ಹೇಳಿತು’ ಎಂದು ಬರೆದು ಸಹಿ ಹಾಕಿದೆ. ಮಾರ್ಕು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅಂದಿನ ದಿನಚರಿಯಲ್ಲಿ ಮಾರ್ಕೂ ಇಲ್ಲ, ಫೋನಿನ ಸುದ್ದಿಯೂ ಇಲ್ಲ. ನೀರಿನ ಟ್ಯಾಂಕರು ಬರಲಿಲ್ಲ ಎಂದಷ್ಟೇ ಇದೆ.

ಮುಂದಿನ ಬುಧವಾರ ಫೋನು ಹತ್ತಲಿಲ್ಲ. ಅದಾದ ಕೆಲವು ದಿನಕ್ಕೆ ದೇವಮ್ಮ ತಾವಾಗಿಯೇ ಆಸ್ಪತ್ರೆಗೆ ಬಂದರು. ಮನೆಯಲ್ಲಿ ಉಳಿದ ಗುಳಿಗೆಗಳನ್ನು ವಾಪಸು ಕೊಡಬೇಕೆಂದು ನಾವು ಹೇಳಿದ್ದೆವು, ಅದಕ್ಕೆ ತಂದಿದ್ದರು. ಮಗಳು ಹೋದಳು ಎಂದರು. ಮಂಗಳವಾರ ನಸುಕಿನಲ್ಲಿ ಹೋದಳಂತೆ. ಅಂದೇ ಊರಿಗೆ ಒಯ್ದು ಸಂಜೆಯೊಳಗೆ ಮಣ್ಣು ಮಾಡಿದ್ದರು. ಯಾವ ಮಂಗಳವಾರ ಎಂದು ಕ್ಯಾಲೆಂಡರ್ ಮುಂದೆ ಹಿಡಿದು ಎರಡು ಸಲ ಕೇಳಿದೆ. ಅವರು ಬೆರಳಿಟ್ಟದ್ದು ನನ್ನ ಆ ಬುಧವಾರದ ಹಿಂದಿನ ದಿನದ ಮೇಲೆ. ಆ ದಿನದಿಂದಲೇ ಫೋನು ಚಾರ್ಜಿಲ್ಲದೆ ಬಟ್ಟೆಯ ಗಂಟಿನಲ್ಲಿ ಬಿದ್ದಿತ್ತು ಎಂದರು.

ನಾನು ಸುಮ್ಮನಿರಬಹುದಿತ್ತು. ಫಾರ್ಮು ತೆಗೆದು, ಬುಧವಾರ ನಿಮ್ಮ ಮಗಳು ನನ್ನೊಡನೆ ಮಾತಾಡಿದಳು ಎಂದು ಹೇಳಿ ಉತ್ತರಗಳನ್ನು ಓದಿದೆ. ದೇವಮ್ಮ ಅಳಲಿಲ್ಲ. ತೊದಲಿದಳೇನು ಎಂದು ಕೇಳಿದರು. ಇಲ್ಲ ಎಂದೆ.

“ಹದಿನೈದ್ ದಿನ ಆಕಿ ಬಾಯಿಗೆ ಕಿವಿ ಹಚ್ಚಿ ಕುಂತೀನ್ರಿ ನಾನು. ಒಂದ್ ಸಲ ಅವ್ವಾ ಅನ್ಲಿಲ್ಲ. ನಿಮ್ಮ ಕೂಡ ಮಾತಾಡಿದ್ಲಾ?”

ಆಮೇಲೆ ಅವರೇ ಹೇಳಿದರು: ಆ ಬುಧವಾರ ಮುಂಜಾನೆ, ಜನ ಮಾತಾಡಿಸಲು ಬರುತ್ತಿದ್ದ ಹೊತ್ತಿನಲ್ಲಿ, ಗೋಡೆಗೆ ಒರಗಿದ್ದ ತಮಗೆ ಹಾಗೇ ನಿದ್ದೆ ಹತ್ತಿತ್ತು. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ. ಯಾರೂ ಎಬ್ಬಿಸಲಿಲ್ಲ. ಮಗಳನ್ನು ಮಣ್ಣಿಗೆ ಕೊಟ್ಟ ಮರುದಿನವೇ ಹೊತ್ತೇರುವವರೆಗೆ ಮಲಗಿದೆನಲ್ಲ ಎಂಬ ಸಂಕಟ ಅವರಿಗೆ ಅಂದಿನಿಂದ ಇತ್ತು. ಆಗ ನಾನು ಷರಾವನ್ನು ಓದಿದೆ.

“ಎಬ್ಬಸಬ್ಯಾಡ ಅಂದ್ಲೇನ್ರಿ? ಇನ್ನೊಮ್ಮೆ ಓದ್ರಿ,” ಎಂದರು. ಇನ್ನೊಮ್ಮೆ ಓದಿದೆ.

ಇಲ್ಲಿಯೇ ನನಗೆ ನನ್ನ ಮೇಲೆ ನಂಬಿಕೆ ಸಾಲದು. ನಾನು ಷರಾ ಓದುವ ಮೊದಲೇ ಅವರು ನಿದ್ದೆಯ ಮಾತು ಎತ್ತಿದರು ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿರುವುದು ‘ದೇವಮ್ಮ ಬಂದಿದ್ದರು. ನಿದ್ದೆಯ ಮಾತು ಬಂತು’ ಎಂಬ ಎರಡೇ ವಾಕ್ಯ. ಯಾರಿಂದ ಬಂತೆಂದು ಬರೆದಿಲ್ಲ. ನಾನು ಮೊದಲು ಓದಿ, ಆ ತಾಯಿ ಅದಕ್ಕೆ ತಮ್ಮ ನಿದ್ದೆಯನ್ನು ಹೊಂದಿಸಿಕೊಂಡಿರಬಹುದು.

ಇದಕ್ಕಿಂತ ಸುಲಭವಾದ ವಿವರಣೆಯೂ ಇದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ಅಂದು ಫೋನನ್ನೇ ಮಾಡದೆ, ದಣಿದ ಕೈಯಿಂದ ರೂಢಿಯ ಮೇಲೆ ಇಲ್ಲ, ಇಲ್ಲ, ಇಲ್ಲ ಎಂದು ತುಂಬಿಸಿಬಿಟ್ಟಿರಬಹುದು. ಹಾಗೆ ಒಮ್ಮೆ ಮಾಡಿದ್ದರೆ ಉಳಿದ ಮಕ್ಕಳ ಹಾಳೆಗಳನ್ನು ನಂಬುವುದು ಹೇಗೆ? ಮುಂದಿನ ಮಗುವಿಗೆ ಎಷ್ಟು ಗುಳಿಗೆ ಕೊಡಬೇಕೆಂಬುದು ಆ ಹಾಳೆಗಳ ಮೇಲೆಯೇ ನಿಂತಿತ್ತು. ಕಚೇರಿಯ ಫೋನಿನಲ್ಲಿ ಮಾಡಿದ ಕರೆಗಳ ಪಟ್ಟಿ ಉಳಿಯುತ್ತಿರಲಿಲ್ಲ. ಶ್ರೀನಿವಾಸರನ್ನು ಕೇಳಿದೆ. ನೀವು ಕನ್ನಡದಲ್ಲಿ ಮಾತಾಡುತ್ತಿದ್ದುದು ನೆನಪಿದೆ, ಯಾವ ಬುಧವಾರ ಎಂದು ಮಾತ್ರ ಹೇಳಲಾರೆ ಎಂದರು.

ಅಧ್ಯಯನ ನಡೆಸುತ್ತಿದ್ದ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಎಲ್ಲ ಮಕ್ಕಳ ಮನೆಗೂ ಬೇರೆಯವರಿಂದ ಮತ್ತೆ ಫೋನು ಮಾಡಿಸಿ ನನ್ನ ಹಾಳೆಗಳನ್ನು ತಾಳೆ ನೋಡಿಸಿದರು. ಬೇರೆ ಯಾವುದರಲ್ಲೂ ತಪ್ಪು ಸಿಗಲಿಲ್ಲ. ಸತ್ತ ಮಗುವಿನ ಆ ಸಾಲು ಮಾತ್ರ ಉಳಿಯುವ ಹಾಗಿರಲಿಲ್ಲ. ಇಂಥ ಹಾಳೆಗಳಲ್ಲಿ ಬರೆದದ್ದನ್ನು ಅಳಿಸಬಾರದು, ಬಿಳಿ ಬಣ್ಣ ಹಚ್ಚಬಾರದು. ಅಡಿಯ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು. ಗೆರೆ ಎಳೆದೆ. ‘ತಪ್ಪು ನಮೂದು’ ಎಂದು ಬರೆದು ಸಹಿ ಮಾಡಿದೆ.

ಫೋನು ಮಾಡದೆ ಬರೆದಿದ್ದರೆ ಅದು ತಪ್ಪು ನಮೂದಲ್ಲ, ಸುಳ್ಳು. ಕೇಳಿದ್ದನ್ನೇ ಬರೆದಿದ್ದರೆ ಅದರಲ್ಲಿ ತಪ್ಪೇ ಇಲ್ಲ. ಎರಡರಲ್ಲಿ ಯಾವುದು ನಡೆದಿದ್ದರೂ ನಾನು ಕೊಟ್ಟ ಕಾರಣ ನಿಜವಲ್ಲ. ಬೇರೆ ಏನು ಬರೆಯಬಹುದಿತ್ತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.