ತೊಳೆದಿಟ್ಟ ಹಾಲಿನ ತೊಟ್ಟೆಗಳು

ನವಿ ಮುಂಬಯಿಯ ಕೋಪರಖೈರಣೆಯ ನಮ್ಮ ಮನೆಯಲ್ಲಿ ಅಮ್ಮ ಹಾಲಿನ ಪ್ಲಾಸ್ಟಿಕ್ ತೊಟ್ಟೆಯ ಒಂದು ಮೂಲೆಯನ್ನು ಮಾತ್ರ, ಉಗುರಿನಷ್ಟೇ ಕತ್ತರಿಸುತ್ತಿದ್ದರು. ಖಾಲಿಯಾದ ಮೇಲೆ ತೊಳೆದು, ಒಣಗಿಸಿ, ಕಟ್ಟುಕಟ್ಟಿ, ಹಳೆ ಸಾಮಾನು ಕೊಳ್ಳುವ ಭಂಗಾರದವನಿಗೆ ಕೊಡುತ್ತಿದ್ದರು. ನಾನು ನಮ್ಮ ಮನೆತನದ ಮೊದಲ ಪದವೀಧರೆ, ಅದೂ ರಸಾಯನಶಾಸ್ತ್ರದಲ್ಲಿ. ಅಮ್ಮನ ಈ ಅಚ್ಚುಕಟ್ಟನ್ನು ನಾನೂ ಮೆಚ್ಚಿದವಳೇ.

ನನ್ನ ಎರಡು ವರ್ಷದ ಮಗಳಿಗೆ ಮೂರು ವಾರದಿಂದ ಭೇದಿ ನಿಂತಿರಲಿಲ್ಲ. ಡಾಕ್ಟರು ಹಾಲು ಎಲ್ಲಿಯದೆಂದು ಕೇಳಿದರು. ಮರುದಿನ ಬೆಳಿಗ್ಗೆ ಹೊಸ ತೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕತ್ತರಿಸಿದ ಒಂದು ಮೂಲೆಯನ್ನು ಯಾರೋ ಮೇಣದಬತ್ತಿಯಲ್ಲಿ ಕರಗಿಸಿ ಮತ್ತೆ ಅಂಟಿಸಿದ್ದರು.

"ಎಷ್ಟು ಸಣ್ಣಗೆ ಕತ್ತರಿಸಿದ್ದಾರೆ ಮಾರಾಯ್ತಿ, ನನ್ನ ಹಾಗೆಯೇ!" ಎಂದರು ಅಮ್ಮ.

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಕಲಬೆರಕೆ ಹಾಲು ತುಂಬುವವರಿಗೆ ಬೇಕಾದದ್ದು ಕಂಪೆನಿಯ ಹೆಸರಿದ್ದ ಇಂಥ ಚೊಕ್ಕ ಖಾಲಿ ತೊಟ್ಟೆಗಳೇ.

"ಹಾಗಾದರೆ ನಾನೇ ತೊಳೆದು ಕೊಟ್ಟದ್ದಾ?"

ಒಣಗಲು ಹಾಕಿದ್ದ ತೊಟ್ಟೆಗಳನ್ನು ನಾನು ಒಂದೊಂದಾಗಿ ಹರಿದೆ.

ಈಗ ನಾವು ತೊಟ್ಟೆಯನ್ನು ಹರಿದೇ ಎಸೆಯುತ್ತೇವೆ. ಬಿಲ್ಡಿಂಗಿನ ಉಳಿದವರ ಕತ್ತರಿ ಇನ್ನೂ ಮೂಲೆಗೇ ಹೋಗುತ್ತದೆ. ಹೇಳಿದರೆ ನಗುತ್ತಾರೆ. ಮಗಳು ಲೋಟ ಹಿಡಿದು "ದೂದ್, ದೂದ್" ಎಂದು ಅಳುತ್ತಾಳೆ. ಇಲ್ಲಿ ಬೇರೆ ಹಾಲು ಸಿಗುವುದಿಲ್ಲ; ಅಮ್ಮ ಅದೇ ಹಾಲನ್ನು ಮೂರನೆಯ ಸಲ ಕುದಿಸುತ್ತಾರೆ. ಕುದಿಸಿದರೂ ಹೋಗದಂಥದ್ದು ಅದರಲ್ಲಿರಬಹುದೆಂದು ಓದಿದವಳು ನಾನು, ಮಗಳ ಲೋಟ ತೊಳೆದು ಪಕ್ಕದಲ್ಲೇ ಇಡುತ್ತೇನೆ.