ಅವ್ವನ ಬದಲಿಗೆ ವಿಮಾನ ಹತ್ತಿದ್ದು

ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಮೈಸೂರಿಗೆ ಹೋಗಿಬಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಾನು ಹೇಳುವ ಕಾಲ ಯಾವುದೆಂದು ಅವರಿಗೆ ತಿಳಿಯುತ್ತದೆ. ಎಲ್ಲೋ ಯುದ್ಧ ನಡೆಯುತ್ತಿತ್ತು. ನಮ್ಮ ಗಾವಡಗೆರೆಯಲ್ಲಿ ಸೀಮೆಎಣ್ಣೆ ಸಿಗದೆ ಹರಳೆಣ್ಣೆ ದೀಪ ಹಚ್ಚುತ್ತಿದ್ದೆವು, ಮನೆಯೆಲ್ಲ ಅದರದೇ ಕಮಟು ವಾಸನೆ. ನನಗೆ ಒಂಬತ್ತು ವರ್ಷ. ಕುಂಟೆಬಿಲ್ಲೆ ಆಟದಲ್ಲಿ ಊರ ಹುಡುಗಿಯರನ್ನೆಲ್ಲ ಸೋಲಿಸುವುದೊಂದೇ ಆಗ ನನಗಿದ್ದ ಕೆಲಸ.

ಅಕ್ಕನನ್ನು ಮಡಿಕೇರಿಗೆ ಕೊಟ್ಟಿತ್ತು. ಭಾವ ಅಲ್ಲಿ ಕಾಫಿ ಮಂಡಿಯೊಂದರಲ್ಲಿ ಗುಮಾಸ್ತ. ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲೇ ಅವಳನ್ನು ತವರಿಗೆ ಕರೆತರಬೇಕಿತ್ತು. ರಾಗಿ ಬಿತ್ತನೆ ಮುಗಿಯಲಿ ಎಂದು ಅಪ್ಪ ಮುಂದಕ್ಕೆ ಹಾಕಿದ. ಬಿತ್ತನೆ ಮುಗಿಯುವಷ್ಟರಲ್ಲಿ ಕೊಡಗಿನ ಮಳೆಗೆ ಕುಶಾಲನಗರದಾಚೆ ಗುಡ್ಡ ಜರಿದು ದಾರಿ ಮುಚ್ಚಿಹೋಯಿತು. ಜರಿದ ಗುಡ್ಡ ಹತ್ತಿಳಿದು ಬಂದ ಯಾರೋ ಆಳಿನ ಕೈಯಲ್ಲಿ ಅಕ್ಕನ ಕಾಗದ ಬಂತು: ‘ದಿನ ತುಂಬಿದೆ. ಹೇಗಾದರೂ ಮಾಡಿ ಅವ್ವನನ್ನು ಕಳಿಸಿ. ನನಗೆ ಹೆದರಿಕೆ.’ ಅವ್ವ ಅವತ್ತಿನಿಂದ ಅಪ್ಪನ ಹತ್ತಿರ ಮಾತು ಬಿಟ್ಟಳು.

ಮೂರನೇ ದಿನ ಬೆಳಿಗ್ಗೆ, ಅರಮನೆಯ ದನ ಮೇಯುವ ಕಾವಲಿಗೆ ಒಂದು ಪುಟ್ಟ ವಿಮಾನ ಇಳಿಯಿತು. ಬಟ್ಟೆ ಬಿಗಿದ ರೆಕ್ಕೆ, ಮುಂದೊಂದು ಹಿಂದೊಂದು ಕೂರುವ ಗುಂಡಿ. ನಡೆಸುತ್ತಿದ್ದವನಿಗೆ ಹಿಂದೂಸ್ತಾನಿ ಮಾತ್ರ ಬರುತ್ತಿತ್ತು. ನಮ್ಮ ಗಾಡಿಯ ಚಕ್ರ ಸರಿಮಾಡಲು ಹುಣಸೂರಿನಿಂದ ಬಂದಿದ್ದ ಇಬ್ರಾಹಿಂ ಸಾಬರೇ ನಡುವೆ ನಿಂತು ಮಾತು ದಾಟಿಸಿದರು. ಮಡಿಕೇರಿಯಲ್ಲಿ ಜ್ವರ ಎದ್ದಿದೆ, ಔಷಧಿ ಪೆಟ್ಟಿಗೆ ಒಯ್ಯುತ್ತಿದ್ದಾನೆ, ಬೆಟ್ಟದ ಮೇಲೆ ಮಂಜು, ಅದು ಕರಗುವವರೆಗೆ ಇಲ್ಲೇ ಇರುತ್ತಾನೆ ಎಂದರು. ಅಪ್ಪ ಅವನನ್ನು ಮನೆಗೆ ಕರೆತಂದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿಸಿದ. ನಾಲ್ಕನೇ ರೊಟ್ಟಿ ಮುರಿಯುವವರೆಗೂ ಏನೂ ಕೇಳಲಿಲ್ಲ. ಕೇಳುವುದಿದ್ದರೆ ಎದುರಿನವನ ಹೊಟ್ಟೆ ತುಂಬಿದ ಮೇಲೆ ಕೇಳಬೇಕು. ಇದನ್ನು ನಾನು ಕಲಿತದ್ದು ಅಪ್ಪನಿಂದಲೇ, ನೀವೂ ಕಲಿಯಿರಿ.

“ಸಾಬ್ರೇ, ಮುಂದಿನ ಗುಂಡಿ ಖಾಲಿ ಅದಲ್ಲ, ನಮ್ಮೋಳ್ನ ಕೂರಿಸ್ಕಂಡ್ ಓಯ್ತಾರಾ ಕೇಳಿ.”

“ಕರ್ಕೊಂಡ್ ಹೋಗ್ತಾರಂತೆ ಗೌಡ್ರೇ. ತೂಕ ಎಷ್ಟು ಅಂತ ಕೇಳ್ತಾವ್ರೆ.”

“ತೂಕ ಯಾಕಂತೆ? ಬೆಲ್ಲವಾ ಅವ್ಳು?”

ಬೆಲ್ಲ ತೂಗುವ ದೊಡ್ಡ ತಕ್ಕಡಿ ನಡುಮನೆಯಲ್ಲೇ ನೇತಾಡುತ್ತಿತ್ತು. ಸಾಬರು ಅದರ ಕಡೆ ನೋಡಿದರು. ಅವ್ವ ಒಳಗಿನಿಂದಲೇ ಅಂದಳು: “ಜೀವ ಇರೋರ್ನ ತೂಗಾದು ದೇವ್ರ ಮುಂದೆ, ಅರಕೆ ಒತ್ಕಂಡಾಗ. ಮಗಳು ಎರೋ ಒತ್ನಲ್ಲಿ ನಾ ತಕ್ಕಡಿ ಅತ್ತಾಕಿಲ್ಲ.”

“ಮೂರೂವರೆ ಮಣ ಅನ್ನಿ,” ಅಂದ ಅಪ್ಪ.

ಒಂದು ಮಣವೆಂದರೆ ಈಗಿನ ಹನ್ನೊಂದು ಕಿಲೋ ಚಿಲ್ಲರೆ. ಅವ್ವ ನಾಲ್ಕೂವರೆಗೆ ಕಡಿಮೆ ಇರಲಿಲ್ಲ. ಬಾಡಿಗೆ ಗಾಡಿಯವನು ತೂಕ ಕೇಳಿದರೆ ಕಾಲು ಭಾಗ ಇಳಿಸಿ ಹೇಳುವುದನ್ನು ನಮ್ಮ ಕಡೆ ಯಾರೂ ಸುಳ್ಳೆನ್ನುತ್ತಿರಲಿಲ್ಲ. ಗಾಡಿಯವನೂ ಮನಸ್ಸಿನಲ್ಲೇ ಅಷ್ಟು ಸೇರಿಸಿಕೊಳ್ಳುತ್ತಿದ್ದ. ಈ ಮನುಷ್ಯನಿಗೆ ಸೇರಿಸಿಕೊಳ್ಳುವುದು ಗೊತ್ತಿರಲಿಲ್ಲ.

ಅದರ ಮೇಲೆ ಅವ್ವ ಕಂಬಳಿಯೊಳಗೆ ಗಂಟೊಂದನ್ನು ಅವಿತಿಟ್ಟುಕೊಂಡಿದ್ದಳು. ಬಾಣಂತಿ ಮನೆಗೆ ಬರಿ ಮಡಿಲಲ್ಲಿ ಹೋಗುವುದುಂಟೆ? ತುಪ್ಪದ ತಂಬಿಗೆ, ಶುಂಠಿ, ಓಮ, ಬೆಳ್ಳುಳ್ಳಿ, ರಾಗಿ ಹುರಿಹಿಟ್ಟು, ಮಗುವಿಗೆ ಹಳೇ ಸೀರೆಯ ತುಂಡುಗಳು. ಎಲ್ಲ ಸೇರಿ ಒಂದೂವರೆ ಮಣ.

ಮಂಜು ಕರಗಿದ ಮೇಲೆ ಅವ್ವನನ್ನು ಮುಂದಿನ ಗುಂಡಿಯಲ್ಲಿ ಕೂರಿಸಿಕೊಂಡು ವಿಮಾನ ಓಡಿತು. ದನಗಳು ದಿಕ್ಕಾಪಾಲಾದವು. ಅದು ಓಡುತ್ತಲೇ ಹೋಯಿತು, ಏಳಲೇ ಇಲ್ಲ. ಕಾವಲಿನ ಕೊನೆಯ ಕತ್ತಾಳೆ ಬೇಲಿಗೆ ಒಂದು ಮಾರು ದೂರದಲ್ಲಿ ನಿಂತಿತು. ನಾವು ಓಡಿಹೋಗಿ ನೋಡಿದಾಗ ಆ ಮನುಷ್ಯ ಕಂಬಳಿ ಸರಿಸಿ ಗಂಟನ್ನು ನೋಡುತ್ತಿದ್ದ. ಆದರೂ ದನಿ ಏರಿಸಲಿಲ್ಲ.

“ಗಂಟು ಇಳಿಸಿದ್ರೆ ಹೇಗೋ ಎಬ್ಬಿಸ್ತೀನಿ, ಇಲ್ಲಾಂದ್ರೆ ಅಮ್ಮ ಇಳೀಲಿ ಅಂತಾವ್ರೆ,” ಅಂದರು ಸಾಬರು.

ಅವ್ವ ಗಂಟನ್ನು ನೋಡಿದಳು, ಬೇಲಿಯನ್ನು ನೋಡಿದಳು. ಆಮೇಲೆ ತಾನೇ ಇಳಿದಳು, ಗಂಟನ್ನು ಅಲ್ಲೇ ಬಿಟ್ಟು.

ಮುಂದಿನದು ನನಗೆ ಸರಿಯಾಗಿ ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ. ಅಪ್ಪ ನನ್ನ ಕಂಕುಳಿಗೆ ಕೈಹಾಕಿ ಎತ್ತಿದ. “ಉಡುಗೀನೂ ಗಂಟೂ ಸೇರಿ ಮೂರೂವರೆ ಮಣವೇ ಸಾಬ್ರೇ. ನಾ ಏಳಿದ್ ಮಾತು ತಪ್ಪಿಲ್ಲ ಅನ್ನಿ.”

“ನಾ ಯಾಕಪ್ಪಾ? ನಾ ಅಲ್ಲೇನ್ ಮಾಡ್ಲಿ?”

“ಅಕ್ಕನ್ ಮಗ್ಗುಲಲ್ಲಿ ಕೂತಿರು ಕಣವ್ವ,” ಅಂದಳು ಅವ್ವ. ಕೆನ್ನೆ ಮುಟ್ಟಲಿಲ್ಲ, ಗಂಟಿನ ಕಟ್ಟನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಳು.

ಮೇಲೆ ಹೋಗುತ್ತಿದ್ದೇನೋ ಕೆಳಗೆ ಬೀಳುತ್ತಿದ್ದೇನೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹೊಲಗಳು ಕೌದಿಯ ತುಂಡುಗಳ ಹಾಗೆ ಕಂಡವು, ಆಮೇಲೆ ಎಲ್ಲ ಬಿಳುಪು. ಪೆಟ್ರೋಲಿನ ನಾತಕ್ಕೆ ಎರಡು ಸಲ ವಾಂತಿಯಾಯಿತು. ಹಿಂದಿನಿಂದ ಅವನು ಏನೋ ಕೂಗುತ್ತಿದ್ದ, ಎಲ್ಲಕ್ಕೂ ಹೂಂ ಅಂದೆ. ದೊರೆಗಳು ಚೆಂಡಾಡುವ ಹುಲ್ಲುಗಾವಲಿನ ಮೇಲೆ ಎಗರಿ ಎಗರಿ ಇಳಿದದ್ದು ನೆನಪಿದೆ. ಮಳೆ ಹನಿಯುತ್ತಿತ್ತು. ಔಷಧಿ ಪೆಟ್ಟಿಗೆಗೆ ಬಂದಿದ್ದವರಲ್ಲಿ ಒಬ್ಬರು ಭಾವನ ಹೆಸರು ಕೇಳಿಕೊಂಡು, ಗಂಟನ್ನು ಹೆಗಲಿಗೇರಿಸಿ, ನನ್ನನ್ನು ಕೈಹಿಡಿದು ನಡೆಸಿದರು.

ಅಕ್ಕ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಆಮೇಲೆ ಅವಳ ಕಣ್ಣು ನನ್ನನ್ನು ದಾಟಿ ಬಾಗಿಲಿಗೆ ಹೋಯಿತು, ಅಲ್ಲೇ ನಿಂತಿತು.

“ಅವ್ವ ಇಂದೆ ಬತ್ತಾವ್ಳಾ?”

“ಇಲ್ಲ ಕಣಕ್ಕ. ನಾನೇ ಬಂದಿವ್ನಿ.”

ಅವಳು ಅಳಲಿಲ್ಲ. ಗಂಟು ಬಿಚ್ಚಿ, ಹಳೇ ಸೀರೆಯ ತುಂಡು ತೆಗೆದು ಮೂಗಿಗೆ ಒತ್ತಿಕೊಂಡಳು. ಮಾರನೆಯ ದಿನ ಮಧ್ಯಾಹ್ನ ಸೂಲಗಿತ್ತಿ ಬಂದಳು. ಮಕ್ಕಳನ್ನು ಹೊರಗೆ ಕಳಿಸಿ ಅಂದಾಗ ಅಕ್ಕ ನನ್ನ ಮಣಿಕಟ್ಟು ಬಿಡಲಿಲ್ಲ. ಗಂಡುಮಗು. ಅವಳ ಹಿಡಿತಕ್ಕೆ ನನ್ನ ಕೈಬಳೆ ಒಡೆದು ಚುಚ್ಚಿಕೊಂಡ ಚೂರನ್ನು ಆಮೇಲೆ ಭಾವ ತೆಗೆದರು. ಅವ್ವ ಜರಿದ ಗುಡ್ಡವನ್ನು ನಡೆದೇ ದಾಟಿ ಬಂದಳು, ಮಗು ಹುಟ್ಟಿದ ಹನ್ನೆರಡನೇ ದಿನಕ್ಕೆ.

ಈಗ ಹುಣಸೂರಿನಲ್ಲಿ ಬಸ್ಸು ಹತ್ತಿದರೆ ಮಡಿಕೇರಿಗೆ ಎರಡು ಗಂಟೆಯ ದಾರಿ. ಆ ಮಡಿಕೇರಿಯಲ್ಲಿ ನಾನು ಯಾರ ಮನೆಗೆ ಹೋಗಲಿ? ಸಂತೆಯಲ್ಲಿ ಕೊಂಡು ಮಾರಿ ಬದುಕು ಕಟ್ಟಿಕೊಂಡವಳು ನಾನು. ಎದುರಿನವನ ಮುಖ ನೋಡಿ ಅವನು ಬೆಲೆಯಲ್ಲಿ ಎಲ್ಲಿಯವರೆಗೆ ಇಳಿಯುತ್ತಾನೆಂದು ಹೇಳಬಲ್ಲೆ. ಕತ್ತಾಳೆ ಬೇಲಿಯ ಹತ್ತಿರ ಅವ್ವನ ಮುಖದಲ್ಲಿದ್ದದ್ದು ಏನೆಂದು ಮಾತ್ರ ಇವತ್ತಿಗೂ ಹೇಳಲಾರೆ. ಅವಳು ಬದುಕಿದ್ದಷ್ಟು ದಿನವೂ ನಾನು ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಕೇಳಬೇಕಾದ್ದು ಏನಾದರೂ ಇದ್ದರೆ ಈ ವಾರವೇ ಕೇಳಿಬಿಡಿ.

ಅಕ್ಕನಿಗೆ ಮೊಮ್ಮಕ್ಕಳಾದ ಮೇಲೂ, ನಾವಿಬ್ಬರೇ ಇದ್ದಾಗ ಒಂದು ಮಾತು ಕೇಳುತ್ತಿದ್ದಳು: “ಅವ್ವ ಅವತ್ತು ಎದ್ರುಕೊಂಡ್ ಇಳುದ್ಳೇನೇ?”

“ಇಲ್ಲ ಕಣಕ್ಕ, ಬಾಣಂತಿ ಗಂಟು ನಿಂಗೆ ಮುಟ್ಲಿ ಅಂತ ಇಳುದ್ಳು,” ಅನ್ನುತ್ತಿದ್ದೆ, ಅವ್ವನ ಮನಸ್ಸು ಕಂಡವಳ ಹಾಗೆ. ಅವಳು ನಂಬುತ್ತಿದ್ದಳು. ಅವಳು ನಂಬಿದಾಗ ಅಷ್ಟು ಹೊತ್ತು ನನಗೂ ಹಾಗೇ ಅನಿಸುತ್ತಿತ್ತು. ಈಗ ಆ ಮಾತು ಕೇಳುವವರು ಯಾರೂ ಇಲ್ಲ.