ಹಿತ್ತಲಲ್ಲಿ ಕೂತ ಗ್ರಂಥಕರ್ತರು

ನಮ್ಮ ಲೈಬ್ರರಿ ಅಕ್ಕೋರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ. ಪುಸ್ತಕಗಳಿಗೆ ತಾರೀಕು ಒತ್ತುವ ಸೀಲಿನ ಶಾಯಿ ಅದು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ಹೋಗಲಿ ಎಂದು ಅವರೂ ಹೆಚ್ಚು ತಲೆಕೆಡಿಸಿಕೊಂಡವರಲ್ಲ. ಅದೇ ಬೆರಳಿನಿಂದ ಜಾರುವ ಕನ್ನಡಕವನ್ನು ಮೇಲೆ ತಳ್ಳುತ್ತಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲೂ ಒಂದು ನೇರಳೆ ಬೊಟ್ಟು ಮೂಡಿರುತ್ತಿತ್ತು. ಮುಡಿಯಲ್ಲಿ ಅಬ್ಬಲಿಗೆ ದಂಡೆ, ಮೂಗಿನ ಮೇಲೆ ಈ ಬೊಟ್ಟು. ಹೊಸದಾಗಿ ಸೇರಿದ ಹುಡುಗಿಯರು ನಗು ತಡೆಯಲಾರದೆ ಕಪಾಟಿನ ಹಿಂದೆ ಓಡುತ್ತಿದ್ದರು. ನಾನೂ ಓಡಿದವಳೇ.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷ ಕಳೆದಿತ್ತು. ಕಾರವಾರದಲ್ಲಿದ್ದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರಕ್ಕೆ ನಾನು ಎಂ.ಎ. ಓದಲು ಸೇರಿದ್ದೆ. ಚೆಂಡಿಯಾದ ನಮ್ಮ ಹಳೆಯ ಮನೆ, ಗದ್ದೆ ನೌಕಾನೆಲೆಗೆ ಹೋಗಿ, ಇಡೀ ಕೇರಿ ಪುನರ್ವಸತಿ ಕಾಲನಿಗೆ ಬಂದು ನೆಲೆ ನಿಂತಿತ್ತು. ಆ ಕೇರಿಯಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಹತ್ತಿದ್ದೇನೋ ಹತ್ತಿದೆ, ಆದರೆ ಮೊದಲ ತಿಂಗಳು ಲೈಬ್ರರಿಯ ಕಪಾಟಿನಿಂದ ಒಂದು ಪುಸ್ತಕ ತೆಗೆಯಲೂ ಅಂಜುತ್ತಿದ್ದೆ. ದೂರದಿಂದ ಬೆನ್ನಿನ ಮೇಲಿನ ಹೆಸರು ಓದಿ ಸುಮ್ಮನಾಗುತ್ತಿದ್ದೆ. ಒಂದು ದಿನ ಅಕ್ಕೋರು ಹಿಂದಿನಿಂದ ಬಂದು ಒಂದು ಕಟ್ಟು ಪುಸ್ತಕ ತೆಗೆದು ನನ್ನ ಕೈಗೆ ಹಾಕಿದರು.

"ಕಪಾಟಲ್ಲಿ ಚಂದ ಕಾಣೂಕೆ ಇದೇನು ಬಟ್ಟೆ ಅಂಗಡಿಯಾ? ತಕಂಡ್ ಹೋಗು, ಓದು. ಹರಿದ್ರೆ ನಾ ಅಂಟಸ್ತೆ."

'ಮೌನವಾಗಿರಿ' ಎಂಬ ಫಲಕದ ಕೆಳಗೇ ಅವರ ಮೇಜು. ಇಡೀ ಕೇಂದ್ರದಲ್ಲಿ ಅವರಷ್ಟು ದೊಡ್ಡ ಗಂಟಲು ಇನ್ನೊಬ್ಬರದಿರಲಿಲ್ಲ. ಕದ್ವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಮನೆಮಾತು ಕೊಂಕಣಿ, ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ. ಬೈಸಿಕೊಂಡವರಿಗೆ ಡಬ್ಬಿಯ ಅರ್ಧ ಅವಲಕ್ಕಿ ಕಡ್ಡಾಯ. ನಾನು ಆ ವರ್ಷ ತಿಂದ ಅವಲಕ್ಕಿಯನ್ನು ನೋಡಿದರೆ ಎಷ್ಟು ಬೈಸಿಕೊಂಡಿದ್ದೆ ಎನ್ನುವುದು ಗೊತ್ತಾಗುತ್ತದೆ.

ಅಕ್ಕೋರು ಹುಟ್ಟಿ ಬೆಳೆದದ್ದು ಅಂಕೋಲಾ ತಾಲೂಕಿನಲ್ಲಿ. ಅಲ್ಲಿ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಅಕ್ಷರ ಕಲಿಸಿದ ಒಬ್ಬ ಮಾಸ್ತರರಿದ್ದರು. ನಮ್ಮಂಥವರು ಊರ ಬಾವಿ ಮುಟ್ಟಬಾರದಿದ್ದ ಕಾಲದಲ್ಲಿ ಕೇರಿಯ ಹೆಂಗಸರನ್ನು ಕೊಡಪಾನದ ಸಮೇತ ಬಾವಿಕಟ್ಟೆ ಹತ್ತಿಸಿದವರು ಅವರು. ಆಮೇಲೆ ಹೋಟೆಲಿನ ಬೆಂಚು, ಹೊಳೆ ದಾಟುವ ದೋಣಿಯ ಹಲಗೆ, ಶಾಲೆಯ ಮುಂದಿನ ಸಾಲು ಎಂದು ಒಂದೊಂದಕ್ಕೂ ಹೊಡೆದಾಡಿ, ಏಟು ತಿಂದು, ಎರಡು ಸಲ ವರ್ಗವಾಗಿ ನಮ್ಮ ಚೆಂಡಿಯಾಕ್ಕೂ ಬಂದು, ನಮ್ಮವರನ್ನು ಕೂರಿಸಿದರು. ಅವರು ತೀರಿಹೋಗಿ ಬಹಳ ವರ್ಷಗಳ ಮೇಲೆ ವಿಶ್ವವಿದ್ಯಾಲಯ ಅವರ ಹೆಸರಿನಲ್ಲಿ ಒಂದು ಅಧ್ಯಯನ ಪೀಠ ತೆರೆಯಿತು. ಬಂದದ್ದು ಲೈಬ್ರರಿಗೆ ಅಂಟಿಕೊಂಡ ಒಂದು ಕೋಣೆ, ಎರಡು ಕಪಾಟು, ಒಂದಿಷ್ಟು ಕುರ್ಚಿ, ಗೋಡೆಗೆ ಮಾಸ್ತರರ ಫೋಟೋ. ಅದರ ಉಸ್ತುವಾರಿಯೂ ಅಕ್ಕೋರ ಪಾಲಿಗೆ ಬಂತು.

ಮೊದಲ ವರ್ಷ ಮಾಸ್ತರರ ಜನ್ಮದಿನಕ್ಕೆ ಭಾಷಣ, ಹಾರ, ಉಪ್ಪಿಟ್ಟು ಎಲ್ಲ ಆಯಿತಂತೆ. ಎರಡನೆಯ ವರ್ಷ ಅಕ್ಕೋರು ಒಪ್ಪಲಿಲ್ಲ. "ಹಾರ ಹಾಕಿಸ್ಕಂಬೂಕೆ ಹೊಡೆತ ತಿಂದ್ರಾ ಅವ್ರು? ಅವ್ರ ಜನ ಈ ಕೋಣೆಲಿ ಕೂತ್ಕಣ್ಬೇಕು. ಅದೇ ಹಾರ" ಎಂದು ಪ್ರಾಧ್ಯಾಪಕರ ಸಭೆಯಲ್ಲೇ ಹೇಳಿಬಿಟ್ಟರು.

ಅದಕ್ಕೆ ಅವರು ಹಿಡಿದ ದಾರಿ ಅವರದ್ದೇ. ಭಾನುವಾರ ನಮ್ಮ ಕಾಲನಿಗೆ ಬರುವರು. ನಿರ್ವಸಿತರ ಪ್ರಮಾಣಪತ್ರ, ರೇಷನ್ ಕಾರ್ಡು, ಮಕ್ಕಳ ಹಾಸ್ಟೆಲಿನ ಅರ್ಜಿ, ಯಾವುದಿದ್ದರೂ ಜಗಲಿಯ ಮೇಲೆ ಕೂತು ತುಂಬಿಕೊಡುವರು. ಪ್ರತಿಯಾಗಿ ಮಾಸ್ತರರ ಬಗ್ಗೆ, ಆ ಕಾಲದ ಬಗ್ಗೆ ಒಂದು ನೆನಪು ಹೇಳಬೇಕು. ಅದನ್ನು ಅವರು ಲೈಬ್ರರಿಯ ಕಾರ್ಡಿನ ಮೇಲೆ ಬರೆದುಕೊಳ್ಳುವರು, ಪುಸ್ತಕಕ್ಕೆ ಬರೆಯುವ ಹಾಗೆಯೇ. ಮೇಲೆ ಗ್ರಂಥಕರ್ತರೆಂದು ನೆನಪು ಹೇಳಿದವರ ಹೆಸರು, ಕೆಳಗೆ ವಿಷಯ: ಬಾವಿ, ದೋಣಿ, ಹೋಟೆಲು. ಸೋಮವಾರ ಅದು ಅಕಾರಾದಿಯಾಗಿ ಪೀಠದ ಡ್ರಾವರಿನೊಳಗೆ, ದೊಡ್ಡ ದೊಡ್ಡ ವಿದ್ವಾಂಸರ ಕಾರ್ಡುಗಳ ನಡುವೆ ಹೋಗಿ ಕೂರುವುದು.

ಎಂ.ಎ. ಓದುವ ಜಂಬದಲ್ಲಿ ನಾನೊಮ್ಮೆ, "ಅಕ್ಕೋರೇ, ಇವರು ಪುಸ್ತಕ ಬರೆದವರಲ್ಲವಲ್ಲ" ಎಂದೆ.

"ಹೇಳಿದವ್ರು ಯಾರು? ಇವ್ರು. ಬರ್ಕಂಡವಳು ನಾನು, ಗುಮಾಸ್ತೆ. ಗುಮಾಸ್ತೆ ಹೆಸರು ಯಾವ ಪುಸ್ತಕದ ಮೇಲೆ ಹಾಕ್ತ್ರು, ತೋರ್ಸು ನೋಡ್ವಾ" ಎಂದರು. ಅವಲಕ್ಕಿ ಡಬ್ಬಿ ನನ್ನ ಮುಂದೆ ಬಂತು.

ಇಷ್ಟಾದರೂ ಜನ ಪೀಠದ ಕೋಣೆಗೆ ಬರಲಿಲ್ಲ. ಜಗಲಿಯ ಮೇಲೆ ಗಂಟೆಗಟ್ಟಲೆ ಹೇಳುವರು, ಕೋಣೆಗೆ ಹೋಗಿ ಎಂದರೆ ಹೂಂ ಎಂದು ನಗುವರು. ನನ್ನ ಅಜ್ಜಿಯದೂ ಅದೇ ಹೂಂ. ಓದುಗರ ಸಹಿ ಪುಸ್ತಕದಲ್ಲಿ ನಮ್ಮ ವಿದ್ಯಾರ್ಥಿಗಳದ್ದು ಬಿಟ್ಟರೆ ಒಂದು ಸಹಿ ಇರಲಿಲ್ಲ.

ಹೀಗಿರುವಾಗ ಪತ್ರ ಬಂತು. ಸ್ಥಳೀಯ ಜನರ ಬಳಕೆ ಇಲ್ಲದಿದ್ದರೆ ಪೀಠವನ್ನು ಘಟ್ಟದ ಮೇಲಿನ ಮುಖ್ಯ ಕ್ಯಾಂಪಸ್ಸಿಗೆ ಒಯ್ಯುವುದು, ಅದನ್ನು ನಿರ್ಧರಿಸಲು ಸಮಿತಿ ಬರುವುದು. ಪತ್ರ ಓದಿದ ದಿನ ಅಕ್ಕೋರ ಗಂಟಲು ಮೊದಲ ಬಾರಿ ಫಲಕದ ಮಾತು ಕೇಳಿತು. "ಮಾಸ್ತರ್ನ ಅಲ್ಲಿಗೆ ಒಯ್ದ್ರೆ ನಿನ್ನಜ್ಜಿ ಘಟ್ಟ ಹತ್ತಿ ಹೋಗ್ತದ್ಯಾ ಮಗಾ?" ಎಂದು ಮೆಲ್ಲಗೆ ಕೇಳಿದರು. ಆ ಭಾನುವಾರ ಮನೆಮನೆಗೂ ಹೋಗಿ, ಗುರುವಾರ ಹತ್ತು ಗಂಟೆಗೆ ಎಲ್ಲರೂ ಬರಲೇಬೇಕು ಎಂದು ಹೇಳಿ ಬಂದರು. ಎಲ್ಲರೂ ಹೂಂ ಎಂದರು.

ಗುರುವಾರ ಹತ್ತಾಯಿತು, ಹತ್ತೂವರೆಯಾಯಿತು. ಕೋಣೆ ಖಾಲಿ. ಆ ವಾರ ಹಾಸ್ಟೆಲಿನಲ್ಲೇ ಉಳಿದಿದ್ದ ನಾನು ಬಾಗಿಲಿಗೂ ಕಿಟಕಿಗೂ ಓಡಾಡಿ ದಣಿದೆ. ಸಮಿತಿಯ ಮೂವರು ಬಂದು ಕೂತರು. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಒಳ್ಳೆಯವರೇ. ಸಹಿ ಪುಸ್ತಕ ತಿರುವಿ ನೋಡಿ ಮುಚ್ಚಿದರು. ಅಕ್ಕೋರು ಫೋಟೋದ ಕೆಳಗೆ ನಿಂತೇ ಇದ್ದರು. ಬೈಯಲು ಯಾರೂ ಇಲ್ಲದ ಅವರನ್ನು ನೋಡಲು ನನಗಾಗಲಿಲ್ಲ. ನಮ್ಮ ಕೇರಿಯ ಮೇಲೆ, ಎಲ್ಲಕ್ಕಿಂತ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಧ್ಯಕ್ಷರು ಸುಮ್ಮನೆ ಕೂರಲಾರದೆ ಡ್ರಾವರು ಎಳೆದು ಒಂದು ಕಾರ್ಡು ತೆಗೆದರು. ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. "ಈ ಲೇಖಕಿಯ ಹೆಸರು ನಾನು ಕೇಳಿಲ್ಲವಲ್ಲ. ಈ ಪುಸ್ತಕ ಕೊಡುತ್ತೀರಾ?" ಎಂದರು. ಅದು ನನ್ನ ಅಜ್ಜಿಯ ಕಾರ್ಡು. ಅಕ್ಕೋರು ಹತ್ತಿರ ಬಂದು ಕಾರ್ಡು ನೋಡಿದರು. ಅಷ್ಟರಲ್ಲಿ ಇನ್ನೊಬ್ಬ ಸದಸ್ಯರು ನೀರು ಕೇಳಿದರು, ನಾನು ತಂಬಿಗೆ ಹಿಡಿದು ಹಿತ್ತಲ ನಲ್ಲಿಗೆ ಹೋದೆ.

ಅಲ್ಲಿ ಗೇರು ಮರದ ಕೆಳಗೆ ನಮ್ಮ ಇಡೀ ಕೇರಿ ಕೂತಿತ್ತು. ಇಸ್ತ್ರಿ ಮಾಡಿದ ಅಂಗಿ, ಪೆಟ್ಟಿಗೆಯಿಂದ ತೆಗೆದ ಸೀರೆ. ಚಪ್ಪಲಿಗಳು ಗೋಡೆ ಬದಿಗೆ ಸಾಲಾಗಿ. ಮುಂದೆಯೇ ಅಜ್ಜಿ, ಬಾಯಲ್ಲಿ ಎಲೆಯಡಿಕೆಯ ಕವಳ.

"ಅಜ್ಜೀ, ಇಲ್ಲೆಂತ ಮಾಡ್ತಿದ್ರಿ?"

"ಎಂಟು ಗಂಟಿಗೇ ಬಂದಿದ್ವು. ಕರೀಲಿ ಹೇಳಿ ಕಾಯ್ತಿದ್ವು."

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಜಮೀನು ಹೋದ ಮೇಲೆ ನಮ್ಮವರು ಎಷ್ಟು ಕಚೇರಿ ಸುತ್ತಿದ್ದರು! ಎಲ್ಲ ಕಡೆಯೂ ಒಂದೇ ಪಾಠ: ಹಿಂದೆ ಹೋಗಿ ಕೂರುವುದು, ಜವಾನ ಬಂದು ಹೆಸರು ಕೂಗುವವರೆಗೆ ಏಳಬಾರದು. ಹತ್ತು ಗಂಟೆ ಎಂದವರು ಹತ್ತಕ್ಕೆ ಕರೆದದ್ದು ಎಲ್ಲಿದೆ? ಹಾಗಾಗಿ ಯಾರೂ ಗಾಬರಿಯಾಗಿರಲಿಲ್ಲ. ಎಲೆಯಡಿಕೆ ಸಂಚಿ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು.

ನನ್ನ ಕೂಗಿಗೆ ಅಕ್ಕೋರು ಓಡಿ ಬಂದರು. ಹೋದ ಗಂಟಲು ತಿರುಗಿ ಬಂದಿತ್ತು. "ಮಾಸ್ತರ್ರು ನಿಮ್ಮನ್ನ ಬಾವಿಕಟ್ಟೆ ಹತ್ಸಿದ್ದು ಹೀಂಗೆ ಹಿತ್ತಲಲ್ಲಿ ಕೂತ್ಕಂಬೂಕಾ? ನಾ ಅಲ್ಲಿ ಜೀವ ಕೈಲಿ ಹಿಡ್ಕಂಡ್ ನಿಂತೆ, ನೀವಿಲ್ಲಿ ಕವಳ ಹಾಕ್ತಿದ್ರಾ?"

ಅಜ್ಜಿ ಸಾವಕಾಶ ಕವಳ ಉಗಿದು ಬಂದು ಹೇಳಿದಳು: "ಮಾಸ್ತರ್ರು ಅವತ್ತು ಮನೆ ಬಾಗ್ಲಿಗೆ ಬಂದು 'ಹೋಗಿ' ಅನ್ನಲಿಲ್ಲ ಅಕ್ಕೋರೇ. 'ಬನ್ನಿ' ಅಂದ್ರು, ಮುಂದೆ ತಾವೇ ನಡದ್ರು. ಅದಕ್ಕೇ ಹೋದ್ವು."

ಅಕ್ಕೋರು ಕಟ್ಟಡ ಸುತ್ತಿ ಮುಂದೆ ನಡೆದರು, ಕೇರಿ ಅವರ ಹಿಂದೆ ಹೊರಟಿತು. ಚಪ್ಪಲಿ ಬಿಟ್ಟು ಬರುತ್ತಿದ್ದವರಿಗೆ "ಹಾಕ್ಕಣಿ!" ಎಂದು ಗದರಿದರು. ಮುಂಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಕೈಯಲ್ಲಿ ಚೀಟಿಯಿಲ್ಲ. ಡ್ರಾವರಿನಲ್ಲಿದ್ದ ಅಕಾರಾದಿ ಕ್ರಮದಲ್ಲೇ ಅಷ್ಟೂ ಹೆಸರು ಅವರ ಬಾಯಲ್ಲಿತ್ತು. ಪ್ರತಿ ಹೆಸರಿಗೂ 'ಬನ್ನಿ' ಎಂದರು. ಕೇಂದ್ರದ ವಿದ್ಯಾರ್ಥಿಗಳೆಲ್ಲ ವರಾಂಡಕ್ಕೆ ಬಂದು ನೋಡುತ್ತಿದ್ದರು. ನನ್ನ ಎದೆ ಅಷ್ಟು ಉಬ್ಬಿದ್ದು ಪದವಿ ತೆಗೆದುಕೊಂಡ ದಿನವೂ ಇಲ್ಲ.

ಕುರ್ಚಿಗಳು ತುಂಬಿದವು. ಸಮಿತಿಯವರು ತಾವಾಗಿ ಎದ್ದು ತಮ್ಮವನ್ನೂ ಬಿಟ್ಟುಕೊಟ್ಟರು. ಅಕ್ಕೋರು ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು, "ಸರ್, ನೀವು ಕೇಳಿದ ಪುಸ್ತಕ" ಎಂದರು.

ಅಧ್ಯಕ್ಷರು ಕಾರ್ಡು ಹಿಡಿದು ಗಟ್ಟಿಯಾಗಿ ಓದಿದರು: "ಮಾಸ್ತರರು ಮುಂದೆ ಇದ್ದರು. ಹಿಂದೆ ನಾವು ಹನ್ನೆರಡು ಜನ ಹೆಂಗಸರು ಬಾವಿಕಟ್ಟೆ ಹತ್ತಿದೆವು."

"ತಪ್ಪು" ಎಂದಳು ಅಜ್ಜಿ.

ಅಕ್ಕೋರು ಗಾಬರಿಯಿಂದ ಕಾರ್ಡಿನ ಮೇಲೆ ಬಗ್ಗಿದರು.

"ಹನ್ನೆರಡಲ್ಲ, ಹದಿಮೂರು. ನಾ ಬಾಣಂತನಕ್ಕೆ ತವರಿಗೆ ಬಂದವಳು. ಈ ನನ್ನ ಮೊಮ್ಮಗಳ ಅಪ್ಪ ಹೊಟ್ಟೇಲಿದ್ದ. ಹುಟ್ಟೂಕೆ ಮೊದಲೇ ಆ ಬಾವಿ ನೀರು ಕುಡದವ ಅವ. ಅವನ್ನ ಬಿಟ್ಟು ಲೆಕ್ಕ ಹಾಕೂದು ಹ್ಯಾಂಗೆ?"

ಮೊದಲು ನಕ್ಕವರು ಅಧ್ಯಕ್ಷರು. ಆಮೇಲೆ ಇಡೀ ಕೋಣೆ. ಅವರು ತಮ್ಮ ಪೆನ್ನು ತೆಗೆದು ಅಕ್ಕೋರಿಗೆ ಕೊಟ್ಟರು. ಅಕ್ಕೋರು ಹನ್ನೆರಡು ಹೊಡೆದು ಹದಿಮೂರು ಬರೆದು, ಅಂದಿನ ತಾರೀಕು ಒತ್ತಿದರು. ಬಾವಿ ಮುಗಿದ ಮೇಲೆ ದೋಣಿ, ದೋಣಿಯ ಮೇಲೆ ಹೋಟೆಲು. ಸಮಿತಿಯವರಿಗೆ ಊಟದ ನೆನಪೇ ಬರಲಿಲ್ಲ.

ಪೀಠ ಉಳಿಯಿತು. ಆ ಕಾರ್ಡುಗಳನ್ನು ವಿಶ್ವವಿದ್ಯಾಲಯವೇ ಅಚ್ಚು ಹಾಕಿಸಿತು. ಮುಖಪುಟದಲ್ಲಿ ಅಷ್ಟೂ ಗ್ರಂಥಕರ್ತರ ಹೆಸರಿತ್ತು, ಅಕ್ಕೋರು ಹೇಳಿದಂತೆಯೇ ಗುಮಾಸ್ತೆಯ ಹೆಸರು ಎಲ್ಲೂ ಇರಲಿಲ್ಲ. ಭಾನುವಾರದ ಅರ್ಜಿಗಳು ಜಗಲಿ ಬಿಟ್ಟು ಆ ಕೋಣೆಗೆ ಬಂದವು, ಅರ್ಜಿಗೆಂದು ಬಂದವರ ಮಕ್ಕಳು ಪುಸ್ತಕ ಹಿಡಿದು ಅಲ್ಲೇ ಕೂರತೊಡಗಿದರು. ನಾನು ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಾಗಿಲಾಚೆ ಅಳುಕುತ್ತ ನಿಂತ ಮಗುವನ್ನು ಕಂಡರೆ ಹೆಸರು ಕೇಳಿಕೊಂಡು ಕರೆಯುತ್ತೇನೆ. ನನ್ನದು ಎಂದು ಹೇಳಿಕೊಳ್ಳುವ ಈ ಗುಣ ಅಕ್ಕೋರು ಕೊಟ್ಟದ್ದು.

ನಿವೃತ್ತಿಗೆ ಇನ್ನೂ ವರ್ಷವಿರುವಾಗಲೇ ಕಾಯಿಲೆ ಅವರನ್ನು ಒಯ್ದಿತು. ಸಂತಾಪ ಸಭೆ ಪೀಠದ ಕೋಣೆಯಲ್ಲೇ ಎಂದು ಗೊತ್ತಾಯಿತು, ಹೊತ್ತು ಹನ್ನೊಂದು ಗಂಟೆ. ಪ್ರಾಧ್ಯಾಪಕರು ಹಾರ ಹಿಡಿದು ಬರುವಷ್ಟರಲ್ಲಿ ಕೋಣೆಯಲ್ಲಿ ಒಂದು ಕುರ್ಚಿಯೂ ಉಳಿದಿರಲಿಲ್ಲ. ಚೆಂಡಿಯಾದವರು, ಅವರ್ಸಾದವರು, ಕದ್ವಾಡದವರು ಚಪ್ಪಲಿ ಮೆಟ್ಟಿಕೊಂಡೇ ಬಂದು ಕೂತಾಗಿತ್ತು. ಪ್ರಾಧ್ಯಾಪಕರು ಏನು ಮಾಡುವುದೆಂದು ತಿಳಿಯದೆ ವರಾಂಡದಲ್ಲೇ ನಿಂತರು. ಮೊದಲ ಸಾಲಿನಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡು ಹಿಂದೆ ತಿರುಗಿದಳು.

"ಹೊರಗೆ ಎಂತಕ್ಕೆ ನಿಂತ್ರಿ? ಒಳಗೆ ಬನ್ನಿ" ಎಂದು ಕರೆದು, ತನ್ನ ಪಕ್ಕಕ್ಕೆ ಸರಿದು ಜಾಗ ಮಾಡಿದಳು.